ಒಂಬತ್ತೂಕಾಲಿನಿಂದ ಮೂರೂವರೆವರೆಗೆ

ಷೇರು ಮಾರ್ಕೆಟ್ ಅವನನ್ನು ಕೊಂದಿತು ಎಂದು ಬೀದಿಯವರು ಹೇಳುತ್ತಾರೆ. ಹಾರ್ಟು ಎಂದು ಡಾಕ್ಟರು ಬರೆದುಕೊಟ್ಟರು. ನಾನು ಹೇಳುವುದಿಷ್ಟೇ: ಬಾಗಿಲು ತಟ್ಟುವವರು ಇರಲಿಲ್ಲ, ಸತ್ತ.

ನೆನೆಸಿಕೊಂಡರೆ ಮೊದಲು ಕಾಣುವುದು ಅವನ ಬಲಗೈ ತೋರುಬೆರಳು. ಕಾಫಿ ಲೋಟ ಹಿಡಿದಾಗಲೂ ಅದು ಲೋಟದ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು, ಮೌಸು ಒತ್ತುವ ಹಾಗೆ.

ಗಿರಿನಗರದ ನಮ್ಮ ಮನೆಯ ಮಹಡಿಯಲ್ಲಿ ಅವನೂ ಅವನ ಹೆಂಡತಿಯೂ ಲೀಸಿಗಿದ್ದರು. ತಿಂಗಳ ಬಾಡಿಗೆ ಇಲ್ಲ. ಬರುವಾಗ ಕೊಟ್ಟ ಗಂಟನ್ನು ಬಿಡುವಾಗ ವಾಪಸು ಪಡೆಯುವುದು. ಆ ಗಂಟು ಅವಳ ತವರಿನವರು ಕೊಟ್ಟ ಸೈಟು ಮಾರಿ ಬಂದದ್ದು. ಅವಳು ಶಿಶುವಿಹಾರದಲ್ಲಿ ಟೀಚರು. ಅವನು ಇದ್ದ ಕೆಲಸ ಬಿಟ್ಟು, ಬೆಳಿಗ್ಗೆ ಕೊಂಡ ಷೇರನ್ನು ಮಧ್ಯಾಹ್ನದೊಳಗೆ ಮಾರುತ್ತಾ ಕೂತ. ಮೊದಲ ವರ್ಷ ಗೆದ್ದ. ಅಲ್ಲೇ ಕೆಟ್ಟ.

ಮಾರ್ಕೆಟ್ ತೆರೆಯುವ ಒಂಬತ್ತೂಕಾಲಿನಿಂದ ಮುಚ್ಚುವ ಮೂರೂವರೆವರೆಗೆ ಅವನ ಕೋಣೆಯ ಬಾಗಿಲು ಯಾರೂ ತಟ್ಟುವಂತಿಲ್ಲ. ಹೆಂಡತಿ ಊಟವನ್ನು ಹೊರಗೆ ಸ್ಟೂಲಿನ ಮೇಲಿಟ್ಟು ಹೋಗಬೇಕು. ಒಮ್ಮೆ ತಟ್ಟಿದ್ದಕ್ಕೆ, ಆ ಒಂದು ನಿಮಿಷದಲ್ಲೇ ದುಡ್ಡೆಲ್ಲಾ ಹೋಯಿತೆಂದು ಎರಡು ದಿನ ಮಾತು ಬಿಟ್ಟಿದ್ದ.

ಮೂರೂವರೆ ಮೇಲೆ ಕಾಫಿಗೆ ನನ್ನ ಹತ್ತಿರ ಬರುತ್ತಿದ್ದ. ಗೆದ್ದ ದಿನ ಮೆಟ್ಟಿಲ ಮೇಲೆ ದಡದಡ ಸದ್ದು, ಸೋತ ದಿನ ಚಪ್ಪಲಿ ಎಳೆಯುವ ಸದ್ದು. ಕೊನೆಕೊನೆಗೆ ಬರೀ ಎಳೆಯುವುದೇ. ಆದರೂ ನನ್ನ ಬಿಪಿ ಮಾತ್ರೆ ಮುಗಿಯುವ ಮೊದಲೇ ತಂದಿಡುತ್ತಿದ್ದ. ನನ್ನ ಮಗನಿಗೆ ನೆನಪು ಮಾಡಬೇಕಿತ್ತು, ಇವನಿಗೆ ಬೇಕಿರಲಿಲ್ಲ.

ನಾಲ್ಕನೇ ಕ್ಲಾಸು ಓದಿದ ನನಗೆ ಅವನೇ ಪಾಠ ಹೇಳಿದ. “ರೇಟು ಇಷ್ಟು ಬಿದ್ರೆ ಸಾಕು, ಮಾರಿ ಆಚೆ ಬಂದ್ಬಿಡ್ಬೇಕು ಅಂತ ಮೊದ್ಲೇ ಗೆರೆ ಹಾಕ್ಕೋಬೇಕು ಅಜ್ಜಿ. ಅದೇ ಸ್ಟಾಪ್ ಲಾಸು.”

“ನೀನು ಹಾಕ್ಕೋತೀಯೇನೋ?”

“ಹಾಕ್ತೀನಿ. ಹತ್ರ ಬಂದಾಗ ಸ್ವಲ್ಪ ಕೆಳಕ್ಕೆ ಜರುಗಿಸ್ತೀನಿ.”

“ಹಂಗಾದ್ರೆ ಅದು ಗೆರೆ ಹೆಂಗಾಗುತ್ತೋ?”

ನಕ್ಕ. ಬೆರಳು ನಿಲ್ಲಲಿಲ್ಲ.

ಆಮೇಲೊಂದು ದಿನ ಕಾಫಿ ಕುಡಿಯದೆ ನಿಂತ. “ಲೀಸ್ ದುಡ್ಡು ಕೊಟ್ಬಿಡಿ ಅಜ್ಜಿ. ಇನ್ಮೇಲೆ ತಿಂಗ್ಳು ತಿಂಗ್ಳು ಬಾಡ್ಗೆ ಕೊಡ್ತೀನಿ.”

“ಹೆಂಡ್ತೀನ ಕರ್ಕೊಂಡು ಬಾ, ಕೊಡ್ತೀನಿ.”

“ನನ್ ಮೇಲೆ ನಂಬಿಕೆ ಇಲ್ವಾ?”

“ನಿನ್ ಮೇಲಿದೆ. ಆ ಬೆರಳಿನ ಮೇಲಿಲ್ಲ.”

ಅವಳನ್ನು ಕರೆತರಲಿಲ್ಲ. ಕಾಫಿಗೆ ಬರುವುದನ್ನೂ ಬಿಟ್ಟ. ಮಾತ್ರೆ ಮಾತ್ರ ಕಿಟಕಿಯಲ್ಲಿ ತಂದಿಡುತ್ತಿದ್ದ.

ಅವನು ಹೋದ ದಿನ ಅವಳು ಶಾಲೆಯಿಂದ ಬಂದು ಊಟ ಸ್ಟೂಲಿನ ಮೇಲಿಟ್ಟಳು. ಅನ್ನ ಆರಿತು. ತಟ್ಟಲಿಲ್ಲ. ಮೂರೂವರೆ ಕಳೆಯಿತು, ಸೋತು ಕೂತಿರಬೇಕು ಎಂದುಕೊಂಡು ಆಗಲೂ ತಟ್ಟಲಿಲ್ಲ. ನಾಲ್ಕೂವರೆಗೆ ಬಾಗಿಲು ಒಡೆಸಿದಾಗ ಮೈ ತಣ್ಣಗಾಗಿತ್ತು. ಬೆಳಿಗ್ಗೆಯೇ ಹೋಗಿದ್ದಾನೆ ಎಂದರು ಡಾಕ್ಟರು.

ದುಡ್ಡು ಕೊಡದಿದ್ದದ್ದಕ್ಕೆ ನನಗೆ ಬೇಸರವಿಲ್ಲ. ಅವಳಿಗೆ ಉಳಿದದ್ದು ಅದೊಂದೇ.

ಸಂಸ್ಕಾರ ಮುಗಿದ ಮರುದಿನ ಬೆಳಿಗ್ಗೆ, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ ಎಂದು, ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಮಂಡಿ ಹಿಡಿದು ಮೆಟ್ಟಿಲು ಹತ್ತಿದೆ. ಅವಳು ಅದೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಹೊರಗೆ ಕೂತಿದ್ದ ಅವಳ ಅಣ್ಣ, “ತಟ್ಬೇಡಿ ಅಜ್ಜಿ, ಸ್ವಲ್ಪ ಹೊತ್ತು ಇರ್ಲಿ” ಎಂದ. ಗಡಿಯಾರ ನೋಡಿದೆ. ಒಂಬತ್ತೂವರೆ.

ತಟ್ಟಿದೆ. “ಬಾಗ್ಲು ತೆಗಿಯಮ್ಮ. ದುಡ್ಡು ಹಂಗೇ ಇದೆ, ಮನೆ ಯಾರೂ ಬಿಡಿಸಲ್ಲ. ಕಾಫಿ ಆರೋಗುತ್ತೆ.”

ತೆಗೆಯುವವರೆಗೂ ತಟ್ಟಿದೆ.