ಗಾದಿ ಮುಟ್ಟಿ ನೋಡುವ ಇಮಾಮಸಾಬ

ಇಮಾಮಸಾಬ ಯಾರ ಮನೆಗೆ ಹೋದರೂ ಮೊದಲು ಮುಖ ನೋಡುತ್ತಿರಲಿಲ್ಲ, ಗಾದಿ ನೋಡುತ್ತಿದ್ದರು. ಸವಣೂರಿನ ನಮ್ಮ ಓಣಿಯಲ್ಲಿ ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಮತ್ತೆ ಹೊಲಿದು ಕೊಡುವ ಕೆಲಸ ಅವರದು. ನನ್ನ ಗಾದಿಯ ಮೇಲೆ ಕೈ ಆಡಿಸಿ, "ಗೌಂಡ್ಯಾರ, ಇದರ ಮ್ಯಾಲೆ ಸಿಮೆಂಟ್ ಚೀಲ ಮಲಗಸ್ತೀರೇನ್ರಿ?" ಎಂದು ನಗುತ್ತಿದ್ದರು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟು ಗೌಂಡಿಯಾದವನು. ಇರುವ ಮನೆ ನಾನೇ ಕಟ್ಟಿದ್ದು. ಮಗಳು ರೇಣುಕಾ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಾಳೆಂದು ಕೆಲಸಕ್ಕೆ ಹೋದಲ್ಲೆಲ್ಲ ಹೇಳುತ್ತಿದ್ದೆ. ಅವಳು ಬೇಸಿಗೆ ಸೂಟಿಗೆ ಊರಿಗೆ ಬರುವಾಗ ಹಾಸ್ಟೆಲಿಗೆ ಒಯ್ದಿದ್ದ ಗಾದಿ, ದಿಂಬನ್ನೂ ತಂದಳು. ಬಂದ ದಿನದಿಂದ ಮೂಲೆ ಹಿಡಿದಳು. ಉಣ್ಣಲು ಕರೆದರೆ "ಆಮ್ಯಾಲೆ" ಎನ್ನುವಳು. "ಓದಿ ದಣದಾಳ" ಎಂದು ಅವಳವ್ವನಿಗೆ ಹೇಳಿ ಹೊರಡುತ್ತಿದ್ದೆ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಸರಿಯಿದ್ದ ಗೋಡೆಗೇ ಮತ್ತೆ ಮತ್ತೆ ತೂಗುಗುಂಡು ಬಿಡುತ್ತಿದ್ದೆ.

ಆ ಗಾದಿ ಹಿಂಜಿಸಲು ಇಮಾಮಸಾಬರನ್ನು ಕರೆದೆ. ಅಂಗಳದಲ್ಲಿ ಹಾಸಿ ಮುಟ್ಟಿ ನೋಡಿದರು. ನಡುವೆ ತಗ್ಗು. ದಿಂಬಿನ ಅರಳೆ ತೊಯ್ದು ಒಣಗಿ ಗಂಟಾಗಿತ್ತು.

"ಹೋದ ವರ್ಷ ನಾನ ಹೊಲದದ್ದು ಇದು. ಈಕಿ ಹಗಲೂ ಎದ್ದಿಲ್ರಿ. ದಿಂಬ ತೊಯ್ಯೂಹಂಗ ಅತ್ತಾಳ."

"ನನ್ನ ಮಗಳು ಹಗಲೂ ರಾತ್ರಿ ಓದತಾಳ. ನೀವು ಗಾದಿ ಹೊಲೀರಿ."

"ಓದೋರು ಎದ್ದು ಕುಂದರತಾರ್ರಿ" ಎಂದವರೇ ನನ್ನನ್ನು ದಾಟಿ ಹೋಗಿ ಅವಳ ಬಾಗಿಲಲ್ಲಿ ಕುಳಿತರು. "ಯವ್ವಾ, ಸತ್ತರ ಚಲೋ ಅನಸ್ತೈತೇನು?"

ನನಗೆ ಮೈಯೆಲ್ಲ ಉರಿಯಿತು. ಇಲ್ಲದ್ದನ್ನು ಹುಡುಗಿಯ ತಲೆಗೆ ತುಂಬುತ್ತಾರಲ್ಲ ಎಂದು ಅವರ ರಟ್ಟೆಗೆ ಕೈ ಹಾಕಿದೆ. ಅಷ್ಟರಲ್ಲಿ ರೇಣುಕಾ ಅಂದಳು: "ಹೂಂ ಕಾಕಾ. ದಿನಾ."

ಇಮಾಮಸಾಬ ಬೆಚ್ಚಲಿಲ್ಲ. "ಹೇಳಿದ್ಯಲ್ಲ, ಚಲೋ ಆತು. ನಾನೂ ಒಂದ ವರ್ಷ ಹಿಂಗ ಬಿದ್ದಿದ್ದೆ. ಗುಳಿಗಿ ತಗೊಂಡೆ, ಎದ್ದೆ. ನಡಿ, ಡಾಕ್ಟರ್ ಕಡೆ ಹೋಗೂಣು. ಗೌಂಡ್ಯಾರ, ಚಪ್ಪಲ್ ಹಾಕ್ಕೊಳ್ರಿ."

ಅವತ್ತೇ ಮನಸ್ಸಿನ ಡಾಕ್ಟರ ಹತ್ತಿರ ಹೊರಟೆವು. ಬಸ್ಸಿನಲ್ಲಿ ನಾನು ಕಿಟಕಿ ತೆಗೆಯುವುದು, ಹಾಕುವುದು ಮಾಡುತ್ತಿದ್ದೆ. "ಆ ಕಿಟಕಿ ಏನ ಮಾಡೈತ್ರಿ ನಿಮಗ?" ಎಂದರು ಇಮಾಮಸಾಬ. ಡಾಕ್ಟರು ಔಷಧ ಬರೆದು, ನನ್ನ ಕಡೆ ತಿರುಗಿ ಹೇಳಿದ್ದು ಒಂದೇ: ಸಾಯುವ ಯೋಚನೆ ಬರುತ್ತದೆಯೇ ಎಂದು ಬಾಯಿ ಬಿಟ್ಟು ಕೇಳುತ್ತಿರಿ.

ಆದರೆ ಕೇಳುತ್ತಿದ್ದವರು ಇಮಾಮಸಾಬ. ಅವಳು ಹಾಸ್ಟೆಲಿಗೆ ಮರಳಿದ ಮೇಲೂ ಫೋನ್ ಹಚ್ಚಿ, ಚಹಾ ಆಯಿತೇ ಎಂದಷ್ಟೇ ಸರಳವಾಗಿ ಅದನ್ನು ಕೇಳುವರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣು ಕೊಟ್ಟು ಬಂದ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಎರಡು ಸಲ ಮಗಳಿಗೆ ಫೋನ್ ಹಚ್ಚಿ, ಊಟದ ಮಾತಾಡಿ ಇಟ್ಟೆ. ಮೂರನೇ ಸಲ ಇಮಾಮಸಾಬ ಕೇಳುತ್ತಿದ್ದುದನ್ನೇ ಕೇಳಿದೆ.

ಅವಳು ಅಂದಳು: "ಇವತ್ತಿಲ್ಲಪ್ಪಾ. ನಾಳೆನೂ ಕೇಳು."