ಚಂದ್ರನ ಮೇಲಿನ ಎರಡನೆಯ ಓಲೆ

ಮಾವ, ಚಂದ್ರನ ಮೇಲೆ ನೀವು ಕಂಡ ಎರಡನೆಯ ಓಲೆ ನಾನು ಅಂಟಿಸಿದ್ದು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಕೇಳುವುದಕ್ಕೆ ನೀವಿಲ್ಲ.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಆಗತಾನೇ ಬರುತ್ತಿದ್ದ ಕಾಲ. ವಡಪಳನಿಯ ನಮ್ಮ ಆಫೀಸಿನಲ್ಲಿ ಚಂದ್ರನ ವೆಬ್‌ಸೈಟ್ ಕಟ್ಟುತ್ತಿದ್ದೆವು. ನೌಕೆಗಳು ತೆಗೆದ ಚಿತ್ರಗಳನ್ನು ಚೌಕ ಚೌಕವಾಗಿ ಕತ್ತರಿಸಿ ಜೋಡಿಸುವುದು. ಮೌಸ್ ಹಿಡಿದು ಎಳೆದರೆ ನೆಲ ಸರಿಯಬೇಕು, ಚಕ್ರ ತಿರುಗಿಸಿದರೆ ಗುಳಿಗಳು ಹತ್ತಿರ ಬರಬೇಕು. ಒಂದು ಕಡೆ ಚಿತ್ರವೇ ಇರಲಿಲ್ಲ — ಬರೀ ಕಪ್ಪು ಪಟ್ಟಿ. ಉದ್ಘಾಟನೆ ಹತ್ತಿರ ಬಂದಿತ್ತು. ಪಕ್ಕದ ನೆಲವನ್ನೇ ನಕಲು ಮಾಡಿ ಅದರ ಮೇಲೆ ಹಚ್ಚಿದೆ, ಹರಿದ ಪಂಚೆಗೆ ತೇಪೆ ಹಾಕಿದ ಹಾಗೆ. ಯಾರು ನೋಡುತ್ತಾರೆ ಅಂದುಕೊಂಡೆ. ನೀವು ನೋಡಿದಿರಿ.

ರೈಲ್ವೆಯಿಂದ ನಿವೃತ್ತರಾಗಿ, ಅತ್ತೆಯೂ ಹೋದ ಮೇಲೆ, ಎಗ್ಮೋರಿನ ಮನೆಯಲ್ಲಿ ಕೂತು ನೀವು ದಿನವೂ ಚಂದ್ರನ ಮೇಲೆ ತಿರುಗುತ್ತಿದ್ದಿರಿ. "ನನ್ನ ಸೋದರಳಿಯ ಚಂದ್ರನ್ನೇ ಮನೆಗೆ ತಂದ್ಬಿಟ್ಟಿದಾನೆ, ಬಾಡಿಗೆ ಕೇಳ್ಬೇಕು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಿರಿ. ಒಂದು ಬೆಳಿಗ್ಗೆ ನಾನು ನಿಮ್ಮಲ್ಲಿಗೆ ಬಂದಾಗ, "ಏಯ್ ಮುರಳಿ, ಇಂಗೆ ಪಾರುಡಾ, ಇಲ್ಲಿ ನೋಡೋ!" ಎಂದು ಕೂಗಿದಿರಿ — ಸಂಭ್ರಮ ಉಕ್ಕಿದರೆ ನಿಮಗೆ ತಮಿಳು ಬರುತ್ತಿತ್ತು. ತೆರೆಯ ಮೇಲೆ ನಡುವೆ ಒಂದು ಗುಳಿ, ಸುತ್ತ ಆರು.

"ನಿಮ್ಮತ್ತೆ ಕಿವೀದು, ಏಳು ಕಲ್ಲಿನ ಓಲೆ ಕಣೋ. ಪಕ್ಕದಲ್ಲೇ ಇನ್ನೊಂದು — ಕಳೆದದ್ದು!"

ಆ ಕಥೆ ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಎಣ್ಣೂರಿನ ಸಮುದ್ರದಲ್ಲಿ ಕಾಲು ನೆನೆಸು ಬಾ ಎಂದು ಅತ್ತೆಯನ್ನು ಎಳೆದವರು ನೀವು. ಅಲೆ ಬಡಿದು ಒಂದು ಓಲೆ ಹೋಯಿತು. ಉಳಿದದ್ದನ್ನು ಅವರು ಡಬ್ಬಿಯಲ್ಲಿಟ್ಟರು, ಮತ್ತೆ ಮುಟ್ಟಲಿಲ್ಲ. ನಿಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೇ ಹೋದದ್ದೇ ನಿಮಗೆ…

"ಇದೆಲ್ಲ ನಿಜವಾದ ಫೋಟೋನೇನೋ?"

"ಒಂದು ಚುಕ್ಕೆಯೂ ನಮ್ಮದಲ್ಲ ಮಾವ" ಎಂದೆ.

ಆಮೇಲೆ ಆ ಜಾಗದ ಅಸಲಿ ಚಿತ್ರ ಸಿಕ್ಕಿತು. ತೇಪೆ ಕಿತ್ತು ಅದನ್ನು ಹಾಕಿದೆ. ಅಲ್ಲಿ ಬರೀ ಬಯಲು. ಮರುದಿನವೇ ನಿಮ್ಮ ಫೋನು: "ಒಂದು ಓಲೆ ಕಾಣಿಸ್ತಿಲ್ವಲ್ಲೋ." ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಬಂದದ್ದು ಬೇರೆ ಮಾತು.

"ನಿಮ್ಮ ಕಣ್ಣಿಗೆ ಪೊರೆ ಬಂದಿರಬೇಕು ಮಾವ."

ನಂಬಿದಿರಿ. ಪೊರೆ ಇನ್ನೂ ಎಳೆಯದು, ಅವಸರವಿಲ್ಲ ಎಂದು ಡಾಕ್ಟರು ಹೇಳಿದರೂ ಹಟ ಹಿಡಿದು ಆಪರೇಷನ್ ಮಾಡಿಸಿಕೊಂಡಿರಿ. ಪಟ್ಟಿ ಬಿಚ್ಚಿದ ದಿನ ಕಂಪ್ಯೂಟರಿನ ಮುಂದೆ ನಿಮ್ಮನ್ನು ಕೂರಿಸಿದವನು ನಾನೇ. ಎಳೆದಿರಿ, ಹತ್ತಿರ ತಂದಿರಿ, ದೂರ ಸರಿಸಿದಿರಿ. ಕೊನೆಗೆ, "ಎರಡನೇ ಸಲವೂ ನಾನೇ ಕಳೆದೆ, ಬಿಡು" ಎಂದು ಮೌಸನ್ನು ಪಕ್ಕಕ್ಕೆ ತಳ್ಳಿದಿರಿ. ಮತ್ತೆ ಮುಟ್ಟಲಿಲ್ಲ.

ತಮಿಳು ಶಾಲೆಗೆ ಹೋಗುತ್ತಿದ್ದ ನನಗೆ ಕಥೆ ಹೇಳಿ ಹೇಳಿ ಕನ್ನಡ ಕಲಿಸಿದವರು ನೀವು. ಆ ಕನ್ನಡದಲ್ಲೇ ನಿಮಗೆ ಸುಳ್ಳು ಹೇಳಿದೆ. ಅದರಲ್ಲೇ ಈಗ ಹೇಳುತ್ತೇನೆ — ಎರಡನೇ ಸಲ ನೀವು ಏನನ್ನೂ ಕಳೆಯಲಿಲ್ಲ, ಮಾವ. ಅಲ್ಲಿ ಇದ್ದದ್ದು ಮೊದಲಿನಿಂದಲೂ ಒಂದೇ ಓಲೆ.