ಕುಸುಬಿ ಎಣ್ಣೆ ಕುಡಿದ ಇಂಜಿನ್ನು

ಸೈಕಲ್ಲಿಗೆ ಇಂಜಿನ್ನು ಕೂಡಿಸಿಕೊಂಡ ಗಂಡಸಿನ ಮುಖ ನೀವು ನೋಡಬೇಕಿತ್ತು. ಮೋಟಾರು ಕೊಳ್ಳುವ ತಾಕತ್ತಿಲ್ಲ, ಪೆಡಲು ತುಳಿಯುವ ಮನಸ್ಸಿಲ್ಲ. ಅಂಥವರಿಗಾಗಿಯೇ ಯಾವುದೋ ದೇಶದಲ್ಲಿ ಯಾರೋ ಆ ಸಾಮಾನು ತಯಾರು ಮಾಡಿದ್ದರು. ಬೀದರ್ ಜಿಲ್ಲೆಯ ನಮ್ಮ ಔರಾದಿನಲ್ಲಿ ಅದನ್ನು ಕೊಂಡ ಮೊದಲನೆಯವರು ನಮ್ಮ ಮನೆಯವರು. ಕೊನೆಯವರೂ ಅವರೇ. ಊರಿನ ಉಳಿದವರಿಗೆ ಅಷ್ಟಾದರೂ ಬುದ್ಧಿಯಿತ್ತು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ಮೂರು ವರ್ಷ ಕಳೆದಿದ್ದವು. ನಮ್ಮ ಮನೆಯವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಪಗಾರ ಇನ್ನೂ ಹಾಲಿ ರೂಪಾಯಿಯಲ್ಲಿ, ಅಂದರೆ ನಿಜಾಮರ ನಾಣ್ಯದಲ್ಲಿ ಬರುತ್ತಿತ್ತು. ಹೈದರಾಬಾದಿನ ಅಂಗಡಿಯವನು ಇಂಜಿನ್ನಿನ ಬೆಲೆ ಹೇಳಿದ್ದು ಕಲ್ದಾರಿನಲ್ಲಿ, ಹಿಂದುಸ್ತಾನದ ರೂಪಾಯಿಯಲ್ಲಿ. ಕಲ್ದಾರಿನ ಬೆಲೆ ಹಾಲಿಗಿಂತ ಹೆಚ್ಚು. ದಿನವಿಡೀ ಕಚೇರಿಯಲ್ಲಿ ಲೆಕ್ಕ ಹಾಕುವ ಮನುಷ್ಯನಿಗೆ ಸ್ವಂತ ಖರೀದಿಯ ಹೊತ್ತಿನಲ್ಲಿ ಅದೊಂದು ನೆನಪಾಗಲಿಲ್ಲ. ಕಡಿಮೆ ಬಿದ್ದದ್ದಕ್ಕೆ ನನ್ನ ಕೈಯ ಪಾಟ್ಲಿಗಳು, ತವರಿನ ಚಿನ್ನದ ಬಳೆಗಳು, ಹೋದವು.

ಪಾಟ್ಲಿ ಬಿಚ್ಚಿಕೊಡುವಾಗ ನನಗೂ ಒಂದು ಆಸೆಯಿತ್ತು. ನಾನು ಭಾಲ್ಕಿಯವಳು, ಆದರೆ ಸೊಲ್ಲಾಪುರದ ಚಿಕ್ಕಮ್ಮನ ಮನೆಯಲ್ಲಿದ್ದು ಕನ್ನಡ ಏಳನೆಯ ತರಗತಿ ಪಾಸಾಗಿದ್ದೆ. ನಮ್ಮ ಕಡೆಯ ಸಾಲೆಗಳು ಅಲ್ಲಿಯವರೆಗೆ ಉರ್ದುವಿನಲ್ಲೇ ನಡೆದಿದ್ದವು. ಈಗ ಸಾಲೆಗೆ ಕನ್ನಡ ಬಂದಿತ್ತು, ಕಲಿಸುವವರು ಬಂದಿರಲಿಲ್ಲ. ಹತ್ತಿರದ ಚಿಂತಾಕಿಯ ಸಾಲೆಯಲ್ಲಿ ಕನ್ನಡ ಕಲಿಸಲು ಒಬ್ಬ ಹೆಣ್ಣುಮಗಳು ಬೇಕಂತೆ ಅಂತ ಸುದ್ದಿ ತಂದವರು ನಮ್ಮ ಮನೆಯವರೇ. ಅರ್ಜಿ ಬರೆಸಿದವರೂ ಅವರೇ. ಅರ್ಜಿಯ ಹಿಂದೆಯೇ ಇಂಜಿನ್ನಿನ ಮಾತು ತೆಗೆದರು.

"ಚಿಂತಾಕಿಗಿ ಬಸ್ ಇಲ್ಲ. ದಿನಾ ಹ್ಯಾಂಗ ಹೋಗ್ತಿ? ಇಂಜಿನ್ ಇದ್ರ ನಾನೇ ಬಿಟ್ಟು ಬರ್ತೇನಿ," ಅಂದರು.

ನಾನು ನಂಬಿದೆ. ದಿನಾ ಬೆಳಿಗ್ಗೆ ಸೀರೆಯ ನೆರಿಗೆ ಸರಿಮಾಡಿಕೊಂಡು ಸಾಲೆಗೆ ಹೋಗುವ ನನ್ನನ್ನು ನಾನೇ ಕಣ್ಣ ಮುಂದೆ ತಂದುಕೊಂಡು ಖುಷಿಪಟ್ಟೆ.

ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಂಜಿನ್ನು ಬಂತು. ಜೊತೆಗೆ ಪೆಟ್ರೋಲಿಗೆ ಅಂಗೈಯಗಲದ ಟಾಕಿ, ಒಂದು ಹಿಡಿ ಬೋಲ್ಟು, ಇಂಗ್ಲಿಷಿನ ಒಂದು ಪುಸ್ತಕ. ಪುಸ್ತಕವನ್ನು ಯಾರೂ ಓದಲಿಲ್ಲ, ಚಿತ್ರ ನೋಡಿ ಮುಂದಿನ ಗಾಲಿಯ ಮೇಲೆ ಕೂಡಿಸಿದರು. ಇಂಜಿನ್ನಿನ ಉರುಳೆ ಟೈರಿಗೆ ಒತ್ತಿಕೊಂಡು ಗಾಲಿಯನ್ನು ತಿರುಗಿಸಬೇಕು. ಮಳೆ ಬಂದರೆ ಉರುಳೆ ಜಾರುತ್ತಿತ್ತು, ಧೂಳು ಕೂತರೆ ಟೈರು ಸವೆಯುತ್ತಿತ್ತು. ಔರಾದಿನ ರಸ್ತೆಗೆ ಮಳೆ, ಧೂಳು ಎರಡೇ ಗೊತ್ತು. ಏರು ಬಂದರೆ ಇವರೇ ಇಳಿದು ದಬ್ಬಬೇಕು. ಇಂಜಿನ್ನಿಲ್ಲದ ಸೈಕಲ್ಲನ್ನು ಯಾರೂ ಅಷ್ಟು ದಬ್ಬಿದ್ದನ್ನು ನಾನು ಕಾಣೆ. ಆದರೂ ಕಟ್ಟೆಯ ಮೇಲೆ ಕೂತವರು ಭೇಷ್ ಅಂದಾಗ ಇವರು ಮೀಸೆಯ ಮೇಲೆ ಕೈಯಾಡಿಸುತ್ತಿದ್ದರು.

ಆ ಜಾತಿಯ ಇಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಅಂಗಡಿಯವನು ಅದಕ್ಕೆಂದೇ ಕೊಟ್ಟ ಡಬ್ಬಿ ಬೇಗ ಖಾಲಿಯಾಯಿತು. ಮತ್ತೊಂದು ಡಬ್ಬಿಯ ಬೆಲೆ ಕೇಳಿ ಇವರು ಸುಮ್ಮನೆ ವಾಪಸು ಬಂದರು. ನೆಟ್ಟಗೆ ಅಡಿಗೆಮನೆಗೆ ನುಗ್ಗಿ ಕುಸುಬಿ ಎಣ್ಣೆಯ ತಂಬಿಗೆ ಎತ್ತಿಕೊಂಡರು.

"ನಮ್ಮ ಗಾಣದ ಎಣ್ಣಿ. ಇದಕ್ಕಿಂತ ಶುದ್ಧ ಎಲ್ಲಿ ಸಿಗ್ತದ?"

ಕುಸುಬಿ ಎಣ್ಣೆ ಕಾದರೆ ಏನಾಗುತ್ತದೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಕಾಸಿ ಕಾಸಿ ಅಂಟು ಮಾಡಿ, ಬಾವಿಯಿಂದ ನೀರೆತ್ತುವ ಚರ್ಮದ ಮೊಟ್ಟೆಗೆ ಸೋರದಂತೆ ಬಳಿಯುತ್ತಾರೆ. ಇವರ ಅಪ್ಪನ ಹೊಲದ ಮೊಟ್ಟೆಗೂ ಅದನ್ನೇ ಬಳಿದಿದ್ದರು. ಅದೇ ಎಣ್ಣೆಯನ್ನು ಕಾಯುವ ಇಂಜಿನ್ನಿನೊಳಗೆ ಸುರಿದು, ದುಡ್ಡು ಉಳಿಸಿದೆ ಅಂತ ನಕ್ಕರು. ಹಾಗೆ ಮಾಡಲು ಬೀದರ್ ಜಿಲ್ಲೆಯಲ್ಲೇ ಹುಟ್ಟಬೇಕು, ನಮ್ಮ ಮನೆಯವರಷ್ಟೇ ಜಾಣರೂ ಆಗಿರಬೇಕು. ಕೆಲವು ದಿನ ಅದು ಓಡಿತು ಕೂಡ. ಇವರು ಹಾದುಹೋದ ಓಣಿಯೆಲ್ಲ ಭಜಿ ಕರಿದ ವಾಸನೆ ಬರುತ್ತಿತ್ತು, ನಾಯಿಗಳು ಬೆನ್ನು ಹತ್ತುತ್ತಿದ್ದವು.

ಅಷ್ಟರಲ್ಲಿ ನನ್ನ ಅರ್ಜಿಗೆ ಬೀದರಿನಿಂದ ಕರೆ ಬಂತು. ಸರ್ಟಿಫಿಕೇಟು ತೆಗೆದುಕೊಂಡು ಕಚೇರಿಗೆ ಬರಬೇಕು, ಅಂದೇ ಆಯ್ಕೆ. ಹಿಂದಿನ ಸಂಜೆ ನಾನು ಬಸ್ಸಿಗೆ ಹೋಗೋಣ ಅಂದೆ. ಸರಕಾರಿ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು.

"ಇಂಜಿನ್ ಮನ್ಯಾಗ ಇಟ್ಟು ಬಸ್ಸಿಗಿ ಹೋದ್ರ ಮಂದಿ ಏನ್ ಅಂತಾರ?" ಅಂದರು. ನನ್ನ ನೌಕರಿಗಿಂತ ಮಂದಿ ದೊಡ್ಡವರು.

ನಸುಕಿನಲ್ಲೇ ಹೊರಟೆವು. ನಾನು ಹಿಂದಿನ ಕ್ಯಾರಿಯರಿನ ಮೇಲೆ, ಮಡಿಲಲ್ಲಿ ಕಾಗದದ ಚೀಲ. ಸಂತಪುರ ದಾಟಿದ ಮೇಲೆ ಇಂಜಿನ್ನು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಇವರು ಪ್ಲಗ್ಗು ಬಿಚ್ಚಿದರು, ಊದಿದರು, ನನ್ನ ಸೆರಗಿನಿಂದ ಒರೆಸಿದರು. ಸೀರೆಗೆ ಕರಿ ಹತ್ತಿತು, ಇಂಜಿನ್ನಿಗೆ ಜೀವ ಬರಲಿಲ್ಲ. ಅದನ್ನು ಟೈರಿನಿಂದ ಮೇಲೆತ್ತಿ ಸಿಕ್ಕಿಸಿದರೆ ಸೈಕಲ್ಲು ಮೊದಲಿನ ಹಾಗೆ ಸೈಕಲ್ಲೇ. ತುಳಿದರಾಯಿತು.

"ತುಳೀರಿ, ಹೊತ್ತಾಗ್ತದ," ಅಂದೆ.

"ಇಷ್ಟು ರೊಕ್ಕ ಹಾಕಿದ್ದು ತುಳೀಲಾಕೇನು?" ಅಂತ ನನ್ನ ಮೇಲೆಯೇ ಹರಿಹಾಯ್ದರು.

ಆಗ ಹಿಂದಿನಿಂದ ಬಸ್ಸು ಬಂತು. ಕಿಟಕಿಯ ತುಂಬ ಔರಾದಿನ ಮುಖಗಳು. ಕೈ ತೋರಿಸದಿದ್ದರೂ ಡ್ರೈವರು ತಾನೇ ನಿಧಾನ ಮಾಡಿ, "ಏನ್ ಆಗ್ಯಾದ್ರಿ? ಹತ್ತತೀರೇನ್ರಿ?" ಅಂತ ಕೇಳಿದ. ನಾನು ಚೀಲ ಎತ್ತಿಕೊಂಡು ಎರಡು ಹೆಜ್ಜೆ ಮುಂದೆ ಬಂದಿದ್ದೆ. ಇವರು ಎಣ್ಣೆಯ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಗುನಗುತ್ತ, "ಏನೂ ಆಗಿಲ್ರಿ, ಸುಮ್ಮ ದಣಿವಾರಿಸಿಕೊಳ್ಳಾಕ ನಿಂತೀವಿ. ನೀವು ನಡೀರಿ," ಅಂದರು. ತುಂಬಿದ ಬಸ್ಸಿನೆದುರು ಗಂಡನ ಮಾತು ಸುಳ್ಳೆನ್ನುವ ಧೈರ್ಯ ಆ ಕಾಲದ ಹೆಂಗಸರಿಗೆ ಇರಲಿಲ್ಲ, ನನಗೂ ಇರಲಿಲ್ಲ. ಬಸ್ಸು ಹೋಯಿತು. ಅದರ ಹಿಂದೆ ಎದ್ದ ಧೂಳಿನಲ್ಲಿ ನಾನು ಅತ್ತದ್ದು ಇವರಿಗೆ ಕಾಣಲಿಲ್ಲ, ಅವರು ಮತ್ತೆ ಪ್ಲಗ್ಗು ಊದುತ್ತಿದ್ದರು.

ಕಡೆಗೆ ಜೋಳದ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯೊಂದು ನಮ್ಮನ್ನೂ ಆ ಸೈಕಲ್ಲನ್ನೂ ಹತ್ತಿಸಿಕೊಂಡಿತು. ನಾವು ಮುಟ್ಟುವ ಹೊತ್ತಿಗೆ ಬೀದರಿನ ಕಚೇರಿಯ ಜವಾನ ಕುರ್ಚಿಗಳನ್ನು ಒಳಗಿಡುತ್ತಿದ್ದ. "ಎಲ್ಲಾ ಮುಗೀತ್ರಿ ಅಮ್ಮಾ," ಅಂದ. ಮರುವರ್ಷ ಕರೆದಾಗ ನಾನು ತುಂಬಿದ ಬಸುರಿ. ಅದರ ನಂತರ ಕರೆದಾಗ ಸರಕಾರಿ ನೌಕರಿಗೆ ನನ್ನ ವಯಸ್ಸು ಮೀರಿತ್ತು.

ಇಂಜಿನ್ನನ್ನು ಬೀದರಿನ ಮೇಸ್ತ್ರಿಯೊಬ್ಬ ಬಿಚ್ಚಿ ನೋಡಿದ. ಒಳಗೆಲ್ಲ ಕಂದು ಅಂಟು ಗಟ್ಟಿಯಾಗಿ ಕೂತು ಪಿಸ್ಟನ್ನು ಅಲುಗಾಡುತ್ತಿರಲಿಲ್ಲ. ರಿಪೇರಿಗೆ ಅವನು ಕೇಳಿದ್ದು ಹೊಸ ಇಂಜಿನ್ನಿನ ಅರ್ಧ ಬೆಲೆ. ಅದು ವರ್ಷಗಟ್ಟಲೆ ಮಂಚದ ಕೆಳಗಿದ್ದು, ಹಳೆ ಕಬ್ಬಿಣದವನ ತಕ್ಕಡಿಗೆ ಹೋಯಿತು. ಪಾಟ್ಲಿ ಯಾರೂ ಮಾಡಿಸಿಕೊಡಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆನೇನೋ. ಇವರು ಅದಕ್ಕೊಂದು ಕತೆ ಕಟ್ಟಿಕೊಂಡರು. ಇಂಜಿನ್ನು ಕೈಕೊಟ್ಟ ಮಾತು ಎಲ್ಲೂ ಇಲ್ಲ. ಹೆಂಡತಿಗೆ ನೌಕರಿ ಮನೆತನಕ ಬಂದಿತ್ತು, ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಪರವೂರಿಗೆ ಹೋಗಬಾರದೆಂದು ತಾವೇ ಬೇಡ ಅಂದರಂತೆ. ಕೇಳಿದವರು ತಲೆದೂಗುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಸಿಟ್ಟಿಗೆ ರೊಟ್ಟಿ ತೆಳ್ಳಗಾಗುತ್ತಿತ್ತು, ಇವರು ಅದನ್ನೂ ಮೆಚ್ಚಿ ಉಣ್ಣುತ್ತಿದ್ದರು.

ಒಮ್ಮೆ ಮೆಹಕರದಿಂದ ಇವರ ಹಳೆಯ ಗೆಳೆಯರೊಬ್ಬರು ಬಂದರು. ಅವರ ಸೊಸೆಗೆ ಭಾಲ್ಕಿಯಿಂದ ಸಾಲೆಯ ನೌಕರಿಯ ಕರೆ ಬಂದಿತ್ತು. ಕಳಿಸಬೇಕೋ ಬೇಡವೋ ಅಂತ ಸಲಹೆ ಕೇಳಲು ಬಂದಿದ್ದರು. ಇವರು ಕತೆ ಶುರು ಮಾಡಿದರು. "ನೋಡ್ರಿ, ನಮ್ಮ ಮನಿಯಾಕಿಗಿ ನೌಕರಿ ಹುಕುಮೇ ಬಂದಿತ್ತು. ನಾನೇ ಕಳಸ್ಲಿಲ್ಲ."

ಗೆಳೆಯರು ಹೌದುಹೌದೆಂದು ತಲೆಯಾಡಿಸಿದರು. ನಾನು ನೋಡದ ಆ ಹುಡುಗಿಯ ನೌಕರಿ ನನ್ನ ಕಣ್ಣೆದುರೇ ಹೋಗುತ್ತಿತ್ತು. ಚಹಾದ ಕಪ್ಪು ಅವರ ಮುಂದಿಟ್ಟು ನಾನು ಹೊಸ್ತಿಲಲ್ಲೇ ನಿಂತೆ.

"ಕಳಸ್ಲಿಲ್ಲ ಅನ್ನೋದು ಸುಳ್ಳರಿ ಅಣ್ಣಾ. ಕರಕೊಂಡು ಹೊಂಟಿದ್ರು. ದಾರ್ಯಾಗ ಇಂಜಿನ್ ಸತ್ತಿತು. ಬಸ್ ಬಂದು ನಿಂತಿತ್ತು. ನಾಚಿಕಿ ಆಗಿ ಬಸ್ಸಿನವಂಗ ನೀವು ನಡೀರಿ ಅಂದ್ರು, ನನ್ನ ಹತ್ತಾಕ ಬಿಡ್ಲಿಲ್ಲ. ನಿಮ್ಮ ಸೊಸಿನ್ನ ಕಳಸ್ರಿ. ಬಸ್ಸಿನಾಗ ಕಳಸ್ರಿ."

ಬಂದವರು ಚಹಾ ಮುಗಿಸಿ ಬೇಗನೆ ಎದ್ದರು. ನಮ್ಮ ಮನೆಯವರು ಆ ಕತೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಸೊಸೆ ನೌಕರಿಗೆ ಸೇರಿದಳು ಅಂತ ಆಮೇಲೆ ಗೊತ್ತಾಯಿತು. ಸಂತೋಷವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ಸುದ್ದಿ ಕೇಳಿದ ದಿನ ನನಗೆ ಹೊಟ್ಟೆಕಿಚ್ಚಾಯಿತು.